ರನ್ನನ ಹೆಸರಿನಲ್ಲಿ ಒಂದು ಕಣ್ಕಟ್ಟು

'ಕುರುಕ್ಷೇತ್ರ' ಚಿತ್ರಪಟ ಚೆನ್ನಾಗಿಲ್ಲವೆಂದು ಹೇಳಿದವನನ್ನು ನಮ್ಮ ಕಡೆ ಇಂದಿಗೂ ಜನ ಒಂದು ಬಗೆಯಾಗಿ ನೋಡುತ್ತಾರೆ. "ಏನ್ ಸೆಟ್ ಹಾಕ್ಯಾರ್ರೀ ಸರ! ಏನ್ ಕಿರೀಟ, ಏನ್ ರಥ! ಮತ್ತ ನಿಮ್ಮ ರನ್ನನ ಕಥೀನ ಅಲ್ಲೇನ್ರೀ ಅದು?" ಎಂದು ತರುಣರು ನನ್ನನ್ನು ಕೇಳುತ್ತಾರೆ. ಸೆಟ್ಟಿನ ಮಾತಿಗೆ, ಕಿರೀಟದ ಮಾತಿಗೆ ನನ್ನ ತಕರಾರಿಲ್ಲ. ತಕರಾರಿರುವುದು ಕಡೆಯ ಮಾತಿಗೆ. ರನ್ನನ ಹೆಸರನ್ನು ಬಾಗಿಲಿಗೆ ತೋರಣದಂತೆ ಕಟ್ಟಿ, ರನ್ನನನ್ನು ಮಾತ್ರ ಹೊಸ್ತಿಲ ಹೊರಗೆ ನಿಲ್ಲಿಸಿ ಮಾಡಿದ ಮದುವೆ ಅದು. ಊಟ ಭರ್ಜರಿಯಾಗಿತ್ತು, ಚಪ್ಪರ ಝಗಝಗಿಸುತ್ತಿತ್ತು, ಬೀಗರೆಲ್ಲ ದೊಡ್ಡವರೇ. ಹೆಸರು ಬಳಸಿಕೊಂಡವನಿಗೆ ಒಂದು ಮಣೆಯನ್ನಾದರೂ ಹಾಕಬೇಡವೆ ಎಂಬುದಷ್ಟೇ ನನ್ನ ಪ್ರಶ್ನೆ.

ಇಷ್ಟು ವರ್ಷಗಳ ಮೇಲೆ ಈ ಹಳೆಯ ಜಗಳವೇಕೆ ಎಂದು ವಾಚಕರು ಕೇಳಬಹುದು. ಚಿತ್ರ ಬಿಡುಗಡೆಯಾದದ್ದು 2019ರ ಆಗಸ್ಟ್ 9ರಂದು. ಅಂದಿನಿಂದ ಎಷ್ಟೋ ಚಿತ್ರಗಳು ಬಂದವು, ಹೋದವು. ಆದರೆ ಕನ್ನಡ ಕಲಿಸುವ ನನ್ನಂಥವನಿಗೆ ಅದು ಹೋಗಿಲ್ಲ. ಗದಾಯುದ್ಧದ ಮೇಲೆ ಪ್ರಶ್ನೆ ಕೊಟ್ಟರೆ ಉತ್ತರಪತ್ರಿಕೆಯಲ್ಲಿ ಉತ್ತರೆ ಅಭಿಮನ್ಯುವಿನೊಡನೆ ಹಾಡಿ ಕುಣಿಯುತ್ತಾಳೆ. "ರನ್ನನು ಈ ಪ್ರಸಂಗವನ್ನು ಬಹು ಮನೋಜ್ಞವಾಗಿ ವರ್ಣಿಸಿದ್ದಾನೆ" ಎಂದು ಹುಡುಗ ಧೈರ್ಯವಾಗಿ ಬರೆಯುತ್ತಾನೆ. ಅವನನ್ನು ದೂರುವಂತಿಲ್ಲ. ಅವನು ಮುಧೋಳ ತಾಲೂಕಿನ ಹುಡುಗ, ರನ್ನನ ಊರಿನವನು. ತನ್ನ ಊರಿನ ಕವಿಯ ಕಾವ್ಯವನ್ನು ಅವನು ಮೊದಲು ಕಂಡದ್ದು ತೆರೆಯ ಮೇಲೆ, ಮೂರು ಆಯಾಮದ ಕನ್ನಡಕ ಹಾಕಿಕೊಂಡು. ಹಳಗನ್ನಡದ ಪುಸ್ತಕ ಅವನ ಕೈಗೆ ಬರುವ ಹೊತ್ತಿಗೆ ಆ ಜಾಗವನ್ನು ಇನ್ನೊಂದು ಗದಾಯುದ್ಧ ಹಿಡಿದುಕೊಂಡು ಕುಳಿತಿತ್ತು.

ಚಿತ್ರದ ವಿಷಯವಾಗಿ ನಾಲ್ಕು ಸಂಗತಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ನಿರ್ಮಾಪಕರು ಮುನಿರತ್ನ; ನಿರ್ದೇಶಕರು ನಾಗಣ್ಣ, 2012ರಲ್ಲಿ 'ಸಂಗೊಳ್ಳಿ ರಾಯಣ್ಣ'ನನ್ನು ತೆರೆಗೆ ತಂದವರು; ಬರವಣಿಗೆ ಜೆ. ಕೆ. ಭಾರವಿಯವರದು, ಸಂಗೀತ ವಿ. ಹರಿಕೃಷ್ಣ ಅವರದು. ದುರ್ಯೋಧನನಾಗಿ ದರ್ಶನ್, ಭೀಷ್ಮನಾಗಿ ಅಂಬರೀಷ್, ಕೃಷ್ಣನಾಗಿ ರವಿಚಂದ್ರನ್, ಕರ್ಣನಾಗಿ ಅರ್ಜುನ್ ಸರ್ಜಾ, ಭಾನುಮತಿಯಾಗಿ ಮೇಘನಾ ರಾಜ್, ಅಭಿಮನ್ಯುವಾಗಿ ನಿಖಿಲ್ ಕುಮಾರಸ್ವಾಮಿ, ಭೀಮನಾಗಿ ದಾನಿಶ್ ಅಖ್ತರ್. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಹಸ್ತಿನಾವತಿ ಎದ್ದಿತು. ಕಥೆಗೆ ಆಧಾರ ರನ್ನನ ಗದಾಯುದ್ಧವೆಂದು ಪ್ರಚಾರವಾಯಿತು. ಹಣವನ್ನೂ ಚಿತ್ರ ಗಳಿಸಿತು. ಅದು ಸೋತ ಚಿತ್ರವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ; ಬಿದ್ದವರನ್ನು ತುಳಿಯುವುದು ಭೀಮನಿಗೂ ಶೋಭಿಸಲಿಲ್ಲ.

ಕಣ್ಣಿಗೆ ಅದು ಹಬ್ಬವೇ ಅಹುದು. ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳಬೇಕು. ಸಭಾಮಂಟಪದ ವಿಸ್ತಾರ, ಸೇನೆಗಳ ಹರವು, ಆಭರಣಗಳ ಹೊಳಪು ಇವೆಲ್ಲ ಕನ್ನಡದಲ್ಲಿ ಹಿಂದೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಕಂಡವಲ್ಲ. ಗದೆಯನ್ನು ಹೆಗಲಿಗಿಟ್ಟು ನಡೆಯುವ ದರ್ಶನ್‌ರ ನಿಲುವಿನಲ್ಲಿ ಅರಸುತನವಿದೆ. ಪೌರಾಣಿಕ ಸಂಭಾಷಣೆಯನ್ನು ಎದೆ ತುಂಬಿ ನುಡಿಯುವ ಕಂಠವೂ ಇದೆ. ಅಂಬರೀಷ್ 2018ರ ನವೆಂಬರ್ 24ರಂದು ತೀರಿಕೊಂಡಿದ್ದರು. ಸತ್ತ ನಟ ಇಚ್ಛಾಮರಣಿಯಾದ ಭೀಷ್ಮನಾಗಿ ತೆರೆಯ ಮೇಲೆ ಬಂದಾಗ ಥೇಟರಿನಲ್ಲಿ ಜನ ಎದ್ದುನಿಂತದ್ದನ್ನು ನಾನೇ ಕಂಡಿದ್ದೇನೆ. ಆ ಎದ್ದುನಿಂತದ್ದಕ್ಕೆ ಕಾರಣ ಕಥೆಯೇ, ನಟನ ಮೇಲಿನ ಪ್ರೀತಿಯೇ ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು.

ಇನ್ನು ರನ್ನನ ಕಡೆ ಬರೋಣ. ಇಲ್ಲಿ ತುಸು ನಿಧಾನಿಸಲು ವಾಚಕರ ಅಪ್ಪಣೆ ಬೇಡುತ್ತೇನೆ.

ರನ್ನ ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ, ಎಂದರೆ ಈಗಿನ ಮುಧೋಳದಲ್ಲಿ. ಬಳೆಗಾರರ ಮನೆ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊರಬೇಕಾಗಿದ್ದ ಹುಡುಗ ವಿದ್ಯೆಯ ಬೆನ್ನುಹತ್ತಿ ಹೋಗಿ, ಅಜಿತಸೇನಾಚಾರ್ಯರಲ್ಲಿ ಓದಿ, ಚಾವುಂಡರಾಯನ ಆಶ್ರಯ ಪಡೆದು, ಅತ್ತಿಮಬ್ಬೆಗಾಗಿ 'ಅಜಿತಪುರಾಣ' ಬರೆದು, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ. ಮುಧೋಳ ತಾಲೂಕಿನಲ್ಲಿ ರನ್ನಬೆಳಗಲಿ ಎಂಬ ಊರೇ ಅವನ ಹೆಸರು ಹೊತ್ತು ನಿಂತಿದೆ. ಹೆಸರನ್ನು ಇಟ್ಟುಕೊಳ್ಳುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ.

ಅವನು ಗದಾಯುದ್ಧ ಬರೆಯಲು ಕುಳಿತಾಗ ಎದುರಿಗೆ ಇದ್ದ ಅಡಚಣೆ ಎಂಥದೆಂಬುದನ್ನು ಸ್ವಲ್ಪ ಯೋಚಿಸಬೇಕು. 941ರ ಸುಮಾರಿಗೆ ಪಂಪ ಇಡೀ ಭಾರತವನ್ನು ಕನ್ನಡದಲ್ಲಿ ಹೇಳಿ ಮುಗಿಸಿದ್ದ. ಅದನ್ನೇ ಮತ್ತೆ ಮೊದಲಿನಿಂದ ಹೇಳಿದರೆ ಕೇಳುವವರು ಯಾರು? ಕಥೆ ಎಲ್ಲರಿಗೂ ಗೊತ್ತು, ಕೊನೆಯೂ ಗೊತ್ತು. ಆಗ ಈ ಬಳೆಗಾರರ ಹುಡುಗ ಮಾಡಿದ್ದೇನು? ಪಂಪಭಾರತದ ಹದಿಮೂರನೆಯ ಆಶ್ವಾಸದ ಕಥಾಭಾಗವನ್ನು ಎತ್ತಿಕೊಂಡ. ಹದಿನೆಂಟು ದಿನಗಳ ಯುದ್ಧದಲ್ಲಿ ಕೊನೆಯ ದಿನವನ್ನು ಮಾತ್ರ ಇಟ್ಟುಕೊಂಡ. ಅದನ್ನೇ ಹತ್ತು ಆಶ್ವಾಸಗಳ ಕಾವ್ಯವಾಗಿ ಬೆಳೆಸಿದ. ಹಿಂದೆ ನಡೆದದ್ದೆಲ್ಲ ಅಲ್ಲಿ ನೆನಪಾಗಿ, ಹಂಗಾಗಿ, ಅಳುವಾಗಿ, ಆಣೆಯಾಗಿ ಬರುತ್ತದೆ. ನಡೆಯುವ ಸಿಂಹ ತಿರುತಿರುಗಿ ಹಿಂದೆ ನೋಡುವಂತೆ ತಾನು ಭಾರತವನ್ನು ಹೇಳುತ್ತೇನೆಂದು ಕವಿಯೇ ತನ್ನ ಕ್ರಮಕ್ಕೆ ಸಿಂಹಾವಲೋಕನವೆಂದು ಹೆಸರಿಟ್ಟ. ಇಂದಿನ ಚಿತ್ರದವರು ಫ್ಲ್ಯಾಷ್‌ಬ್ಯಾಕ್ ಎಂದು ಯಾವುದನ್ನು ಕರೆದು ಹೊರದೇಶದ ಗುರುಗಳಿಗೆ ಕೈಮುಗಿಯುತ್ತಾರೋ ಅದನ್ನು ಸಾವಿರ ವರ್ಷದ ಹಿಂದೆ ಘಟಪ್ರಭೆಯ ದಂಡೆಯ ಕವಿ ಹೆಸರಿಟ್ಟು ಬಳಸಿದ್ದ. ಚಿತ್ರಕಥೆಗೆ ಇಷ್ಟು ಒಪ್ಪುವ ಕಾವ್ಯ ಹಳಗನ್ನಡದಲ್ಲಿ ಇನ್ನೊಂದಿಲ್ಲ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಅದನ್ನು 'ಗದಾಯುದ್ಧ ನಾಟಕಂ' ಎಂದು ನಾಟಕವಾಗಿಸಿದ್ದು ಸುಮ್ಮನೆ ಅಲ್ಲ; ಅದರಲ್ಲಿ ನಾಟಕ ಮೊದಲೇ ಇತ್ತು, ಅವರು ಎತ್ತಿ ತೋರಿಸಿದರು.

ಆ ಕೊನೆಯ ದಿನದ ನಡುವೆ ಒಂದು ನಡಿಗೆಯಿದೆ. ಹನ್ನೊಂದು ಅಕ್ಷೌಹಿಣಿಯ ಒಡೆಯ, ಈಗ ಸಂಜಯನೊಬ್ಬನ ಆಸರೆಯಲ್ಲಿ, ಹೆಣಗಳ ಮೇಲೆ ಎಡವುತ್ತ ಭೀಷ್ಮನ ಶರಶಯ್ಯೆಯ ಕಡೆ ಹೊರಟಿದ್ದಾನೆ. ದಾರಿಯಲ್ಲಿ ಮರುಳುಗಳು ಅವನನ್ನು ಹಂಗಿಸುತ್ತವೆ. ಕಾಲಿಗೆ ತೊಡರುವ ಒಂದೊಂದು ಹೆಣವೂ ಗುರುತಿನದು. ದ್ರೋಣ ಬಿದ್ದಿದ್ದಾನೆ. ವೈರಿಯ ಮಗ ಅಭಿಮನ್ಯು ಬಿದ್ದಿದ್ದಾನೆ. ಅವನ ಮುಂದೆ ನಿಂತು ದುರ್ಯೋಧನ ಹೊಗಳುತ್ತಾನೆ, ನಿನ್ನಂಥ ಸಾವು ನನಗೂ ಬರಲೆಂದು ಹಂಬಲಿಸುತ್ತಾನೆ. ಸ್ವಂತ ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ತಂದೆಗೆ ನೀರು ಬಿಡಬೇಕಾದವನಿಗೆ ತಂದೆಯೇ ನೀರು ಬಿಡುವಂತಾಯಿತಲ್ಲ ಎಂದು ಅರಸ ಒಡೆದುಹೋಗುತ್ತಾನೆ. ದುಶ್ಶಾಸನ ಬಿದ್ದಿದ್ದಾನೆ, ಎಲ್ಲದರಲ್ಲೂ ಅಣ್ಣನ ಹಿಂದಿದ್ದ ತಮ್ಮ ಸಾವಿನಲ್ಲಿ ಮಾತ್ರ ಮುಂದಾದ. ಕರ್ಣನ ಬಳಿ ಬಂದಾಗ ಬರುವ ಮಾತಂತೂ ಎದೆ ನಡುಗಿಸುತ್ತದೆ. ಕರ್ಣ ಪಾಂಡವರ ಒಡಹುಟ್ಟಿದವನೆಂಬುದು ತನಗೆ ಗೊತ್ತಿತ್ತು, ಗೊತ್ತಿದ್ದೂ ಬಚ್ಚಿಟ್ಟೆ ಎಂದು ಹೆಣದ ಮುಂದೆ ಒಪ್ಪಿಕೊಳ್ಳುವ ಸ್ನೇಹಿತ ಅವನು.

ಗಮನಿಸಿ: ಇಲ್ಲಿ ಯುದ್ಧವಿಲ್ಲ. ಬಾಣ ಹಾರುವುದಿಲ್ಲ, ಆನೆ ಘೀಳಿಡುವುದಿಲ್ಲ. ಒಬ್ಬ ಮನುಷ್ಯ ನಡೆಯುತ್ತಾನೆ, ನಿಲ್ಲುತ್ತಾನೆ, ಬಾಗಿ ನೋಡುತ್ತಾನೆ, ಮತ್ತೆ ನಡೆಯುತ್ತಾನೆ. ಅಷ್ಟರಲ್ಲಿ ಇಡೀ ಭಾರತ ನಡೆದುಹೋಗುತ್ತದೆ. ಇನ್ನೂ ಒಂದು ಮಾತು. ರನ್ನ ತನ್ನ ಒಡೆಯನಾದ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯಕ್ಕೆ 'ಸಾಹಸಭೀಮವಿಜಯ'ವೆಂಬ ಹೆಸರನ್ನೂ ಇಟ್ಟವನು. ಕರಾರಿನ ಪ್ರಕಾರ ನಾಯಕ ಭೀಮ. ಹಾಗಿದ್ದೂ ಈ ನಡಿಗೆಯಲ್ಲಿ ನಮ್ಮ ಮನಸ್ಸು ನಮ್ಮ ಅಪ್ಪಣೆ ಕೇಳದೆ ದುರ್ಯೋಧನನ ಕಡೆ ಸರಿಯುತ್ತದೆ. ಕವಿಯ ಅಪ್ಪಣೆಯನ್ನೂ ಕೇಳಿತೋ ಇಲ್ಲವೋ! ಹೀಗೆ ಇಷ್ಟವಿಲ್ಲದವನ ಮೇಲೆ ಮರುಕ ಹುಟ್ಟಿಸುವುದೇ ಕಥನದ ಕಸುಬು.

ಚಿತ್ರಪಟ ಇದಕ್ಕೆ ಏನು ಮಾಡಿತು? ಸಿಂಹದ ಕತ್ತನ್ನು ನೆಟ್ಟಗೆ ಮುಂದಕ್ಕೆ ತಿರುಗಿಸಿಬಿಟ್ಟಿತು. ಜೂಜಾಯಿತು, ಸಭೆಯಾಯಿತು, ವನವಾಸವಾಯಿತು, ಸಂಧಾನವಾಯಿತು, ಯುದ್ಧವಾಯಿತು, ಕೊನೆಗೆ ಗದಾಯುದ್ಧವೂ ಆಯಿತು. ರನ್ನ ಬಿಟ್ಟದ್ದನ್ನೆಲ್ಲ ಹೆಕ್ಕಿ ತಂದರು; ಅವನು ಹಿಡಿದದ್ದನ್ನು ಬಾಲಕ್ಕೆ ಕಟ್ಟಿದರು. ಮೂರು ಗಂಟೆಯ ಅವಧಿಯಲ್ಲಿ ಇಡೀ ಮಹಾಭಾರತವನ್ನು ಓಡಿಸಬೇಕಾದಾಗ ಯಾವ ಪ್ರಸಂಗಕ್ಕೂ ಕುಳಿತುಕೊಳ್ಳಲು ಪುರಸತ್ತಿಲ್ಲ. ಒಂದು ದೃಶ್ಯ ಇನ್ನೊಂದನ್ನು ಹೆರುವುದಿಲ್ಲ. ಒಂದರ ಹಿಂದೆ ಒಂದು ನಿಲ್ಲುತ್ತದೆ, ಅಷ್ಟೆ, ಜಾತ್ರೆಯ ಫೋಟೋ ಅಂಗಡಿಯಲ್ಲಿ ಪರದೆ ಬದಲಿಸಿದಂತೆ. ಇದು ಅರಮನೆ, ಇದು ಕಾಡು, ಇದು ರಣರಂಗ. ಒಬ್ಬೊಬ್ಬ ನಟನ ಪ್ರವೇಶಕ್ಕೂ ಗಾಳಿ, ಧೂಳು, ತುತ್ತೂರಿ, ನಿಧಾನಗತಿ. ಬಂದವನು ಏಕೆ ಬಂದನೆಂದು ವಿಚಾರಿಸುವಷ್ಟರಲ್ಲಿ ಮುಂದಿನವನ ತುತ್ತೂರಿ ಕೇಳಿಸುತ್ತದೆ.

ನನಗೆ ಅನ್ನಿಸುವುದೇನೆಂದರೆ, ಈ ಚಿತ್ರದ ನಿಜವಾದ ತಂದೆ ರನ್ನನೇ ಅಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಆಡುವ 'ಕುರುಕ್ಷೇತ್ರ' ಎಂಬ ಪೌರಾಣಿಕ ನಾಟಕವಿದೆಯಲ್ಲ, ಅದು ಇದರ ತಂದೆ. ಅಲ್ಲಿ ಪಾತ್ರ ಬೇಕೆಂದವರು ಹಣ ಕೊಟ್ಟು ಪಾತ್ರ ಹಿಡಿಯುತ್ತಾರೆ. ಹಣ ಕೊಟ್ಟ ಮೇಲೆ ಭೀಮನಿಗೂ ಹಾಡು ಬೇಕು, ಅರ್ಜುನನಿಗೂ ಹಾಡು ಬೇಕು, ಶಕುನಿಗೂ ಒಂದು ಕಂದ ಬೇಕು. ಕಥೆ ಆ ಪಾಲುಗಾರಿಕೆಗೆ ತಕ್ಕಂತೆ ಸಾಗುತ್ತದೆ. ಆ ನಾಟಕವನ್ನು ನಾನು ಹಗುರಾಗಿ ನೋಡುವವನಲ್ಲ. ಹಗಲೆಲ್ಲ ಹೊಲ ಗೇಯ್ದ ಮನುಷ್ಯ ಒಂದು ರಾತ್ರಿ ದುರ್ಯೋಧನನಾಗುತ್ತಾನೆ, ಊರೇ ಅವನನ್ನು ನೋಡಿ ಹಿಗ್ಗುತ್ತದೆ. ಆ ಹಿಗ್ಗೇ ಅಲ್ಲಿಯ ರಸ. ಕೋಟಿಗಟ್ಟಲೆ ಸುರಿದ ಚಿತ್ರಕ್ಕೆ ಆ ರಿಯಾಯಿತಿ ಸಲ್ಲದು. ಅಲ್ಲಿ ಪಾತ್ರಧಾರಿ ಹಣ ಕೊಡುತ್ತಾನೆ, ಇಲ್ಲಿ ಹಣ ಕೊಟ್ಟವರು ನಾವು.

ದುರ್ಯೋಧನನನ್ನು ನಾಯಕನನ್ನಾಗಿ ಮಾಡಿದ್ದೇ ರನ್ನನಿಗೆ ಸಲ್ಲಿಸಿದ ಗೌರವವಲ್ಲವೆ ಎಂದು ಒಬ್ಬ ಗೆಳೆಯರು ವಾದಿಸಿದರು. ನೋಡಲು ಗಟ್ಟಿಯಾದ ವಾದ. ಆದರೆ ರನ್ನನಲ್ಲಿ ದುರ್ಯೋಧನ ನಾಯಕತ್ವವನ್ನು ಗಳಿಸುತ್ತಾನೆ. ಒಂದೊಂದು ಹೆಣದ ಮುಂದೆ ಒಂದೊಂದಿಷ್ಟು ಗಳಿಸುತ್ತಾನೆ. ಚಿತ್ರದಲ್ಲಿ ಅವನು ಬರುವಾಗಲೇ ನಾಯಕ. ದರ್ಶನ್‌ರ ಐವತ್ತನೆಯ ಚಿತ್ರವೆಂದು ಭಿತ್ತಿಪತ್ರದಲ್ಲೇ ತೀರ್ಪಾಗಿದೆ. ಮೊದಲ ದೃಶ್ಯದಲ್ಲೇ ಶಿಳ್ಳೆ ಹೊಡೆಸಿಕೊಂಡವನ ಮೇಲೆ ಕೊನೆಯಲ್ಲಿ ಕಣ್ಣೀರು ಹುಟ್ಟಬೇಕಾದರೆ ನಡುವೆ ಅವನು ಏನನ್ನೋ ಕಳೆದುಕೊಂಡದ್ದು ನಮಗೆ ತಾಗಬೇಕು. ತಾಗುವುದಕ್ಕೆ ವೇಳೆ ಎಲ್ಲಿದೆ? ಆ ವೇಳೆಯನ್ನು ಉತ್ತರೆ ಮತ್ತು ಅಭಿಮನ್ಯು ಕುಣಿದು ಕಳೆದಿದ್ದಾರೆ.

"ಸಿನೆಮಾ ಎಂದರೆ ಕಣ್ಣಿನ ಕಲೆ, ಕಥೆ ಹೇಗಿದ್ದರೂ ನಡೆಯುತ್ತದೆ" ಎಂಬುದು ಇನ್ನೊಂದು ಸಮರ್ಥನೆ. ತಿಳಿದವರೂ ಇದನ್ನು ಹೇಳುವುದುಂಟು. ಅದರಿಂದ ನನಗೆ ಹೆಚ್ಚು ಸಿಟ್ಟು. ಕಣ್ಣಿನ ಕಲೆಯೆಂದು ಯಾರು ಅಲ್ಲವೆಂದರು? ಕೆ. ವಿ. ರೆಡ್ಡಿಯವರ 'ಮಾಯಾಬಜಾರ್' 1957ರ ಚಿತ್ರ. ಅದೂ ಭಾರತದ ಮಂದಿಯ ಕಥೆಯೇ, ಆದರೆ ಪಾಂಡವರು ಅದರಲ್ಲಿ ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ! ಘಟೋತ್ಕಚನಾಗಿ ಎಸ್. ವಿ. ರಂಗರಾವ್ ಮದುವೆಯ ಅಡಿಗೆಯನ್ನೆಲ್ಲ ನುಂಗುವ ದೃಶ್ಯದಲ್ಲಿ ಕ್ಯಾಮರಾದ ಕಣ್ಕಟ್ಟು ಎಷ್ಟಿದೆ! ಮಾರ್ಕಸ್ ಬಾರ್ಟ್ಲೆಯ ಆ ಕೈಚಳಕವನ್ನು ಇಂದಿಗೂ ಜನ ಬೆರಗಾಗಿ ನೋಡುತ್ತಾರೆ. ಆದರೆ ಆ ಕಣ್ಕಟ್ಟು ಕಥೆಯ ಹೊಟ್ಟೆಯಿಂದ ಬಂದದ್ದು. ಮದುವೆ ಕೆಡಿಸಲು ಬಂದವನು ಮದುವೆಯ ಅಡಿಗೆ ತಿನ್ನುತ್ತಾನೆ. ನಮ್ಮಲ್ಲೇ ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ' (1977) ಇದೆ. ರಾಜಕುಮಾರ್ ತಂದೆಯೂ ತಾವೇ, ಮಗನೂ ತಾವೇ. ಗುರುತು ಒಪ್ಪದ ತಂದೆ, ಗುರುತು ಕೇಳುವ ಮಗ, ಇಷ್ಟೇ ಎಳೆ. ಅಂದಿನ ಸೆಟ್ಟುಗಳು ಇಂದು ನಗು ತರಿಸಬಹುದು, ಆದರೆ ಅವರಿಬ್ಬರು ಎದುರುಬದುರು ನಿಂತಾಗ ಯಾರೂ ನಗುವುದಿಲ್ಲ.

ಈಗಿನ ತರುಣರು ಕೊರಿಯಾ ದೇಶದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಮೆಚ್ಚುತ್ತಾರಾದ್ದರಿಂದ ಅವರ ದಾರಿಯಲ್ಲೇ ಹೋಗಿ ಹೇಳುತ್ತೇನೆ. 'ಕುರುಕ್ಷೇತ್ರ' ಬಂದ 2019ರಲ್ಲೇ ಬಾಂಗ್ ಜೂನ್ ಹೋ ಅವರ 'ಪ್ಯಾರಸೈಟ್' ಬಂತು. ಮರುವರ್ಷ ಆಸ್ಕರ್‌ನ ದೊಡ್ಡ ಬಹುಮಾನವನ್ನೂ ಪಡೆಯಿತು. ಆ ಚಿತ್ರದಲ್ಲಿಯ ಶ್ರೀಮಂತರ ಮನೆ ಎಷ್ಟು ಚೆಂದ! ಗಾಜು, ಹುಲ್ಲುಹಾಸು, ಬೆಳಕು. ಆದರೆ ಆ ಚೆಂದ ಸುಮ್ಮನೆ ಕುಳಿತಿಲ್ಲ. ಮನೆಯ ಮೆಟ್ಟಿಲುಗಳೇ ಕಥೆ ಹೇಳುತ್ತವೆ: ಮೇಲೆ ಇರುವವರು ಯಾರು, ಕೆಳಗೆ ಇರುವವರು ಯಾರು, ಇನ್ನೂ ಕೆಳಗೆ ಯಾರಿದ್ದಾರೆ. ಒಂದು ರಾತ್ರಿ ಮಳೆ ಹೊಡೆಯುತ್ತದೆ. ಮೇಲಿನವರಿಗೆ ಅದು ಕೆಟ್ಟುಹೋದ ಒಂದು ವಿಹಾರ. ಕೆಳಗಿನವರಿಗೆ ಮನೆಯೊಳಗೆ ನುಗ್ಗಿದ ಗಟಾರದ ನೀರು. ಒಂದೇ ಮಳೆಯನ್ನು ಎರಡು ಮನೆಯಲ್ಲಿ ಸುರಿಸಿ ನಿರ್ದೇಶಕ ಸುಮ್ಮನಾಗುತ್ತಾನೆ. ಹಾಗೆಂದು ಕೊರಿಯಾದವರು ಮಾಡಿದ್ದೆಲ್ಲ ಬಂಗಾರವೆಂದೇನೂ ಅಲ್ಲ. ಬಣ್ಣದ ಗುಳ್ಳೆಗಳು ಎಲ್ಲ ದೇಶದಲ್ಲೂ ಏಳುತ್ತವೆ.

ಮಳೆಯ ಮಾತು ಬಂತು. 'ಕುರುಕ್ಷೇತ್ರ' ತೆರೆಕಂಡ ಆ ವಾರ ನಮ್ಮ ಸೀಮೆ ಎಲ್ಲಿತ್ತು? ಘಟಪ್ರಭೆ ಮುಧೋಳದೊಳಗೆ ಬಂದಿತ್ತು. ಕೃಷ್ಣೆ ಜಮಖಂಡಿ ತಾಲೂಕಿನ ಹಳ್ಳಿಗಳನ್ನು ಸುತ್ತಿಕೊಂಡಿತ್ತು. ಕಬ್ಬು ನೀರಿನಡಿ, ದನಕರು ರಸ್ತೆಯ ಮೇಲೆ, ಜನ ಶಾಲೆಗಳಲ್ಲಿ. ನೆರೆ ಇಳಿದ ಮೇಲೆ ಊರಿಗೆ ಮರಳಿದವರು ರಾಡಿಯಲ್ಲಿ ಕಾಲಿಟ್ಟು ನಡೆದದ್ದನ್ನು ನಾನು ಕಂಡೆ. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಬಾಗಿ ನೋಡುವುದು. ಇದು ನಮ್ಮ ಪೆಟ್ಟಿಗೆ, ಇದು ನಮ್ಮ ತೊಟ್ಟಿಲು, ಇದು ನಮ್ಮ ಎಮ್ಮೆ. ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ ದುರ್ಯೋಧನನ ಆ ನಡಿಗೆ ನನ್ನ ಕಣ್ಣಿಗೆ ಕಟ್ಟಿದ್ದು ಅಂದು. ವಾರಗಳು ಕಳೆದು, ರಸ್ತೆ ತೆರೆದು, ನಾವೆಲ್ಲ ಥೇಟರಿಗೆ ಹೋಗಿ ಕುಳಿತಾಗ ನಮ್ಮ ಊರಿನ ಕವಿ ಬರೆದ ಆ ನಡಿಗೆಯನ್ನು ನೋಡಲು ನಮ್ಮಷ್ಟು ಸಿದ್ಧರಾದ ಪ್ರೇಕ್ಷಕರು ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ನಮಗೆ ಸಿಕ್ಕದ್ದು ತುತ್ತೂರಿ.

ಬನಹಟ್ಟಿಯ ನೇಕಾರರೊಬ್ಬರು, ನನ್ನ ವಿದ್ಯಾರ್ಥಿಯ ತಂದೆ, ಆ ಚಿತ್ರ ನೋಡಿ ಬಂದು ಹೇಳಿದ ಮಾತು ನಮ್ಮ ಪತ್ರಿಕೆಗಳ ವಿಮರ್ಶೆಗಳಿಗಿಂತ ಮೇಲಾಗಿತ್ತು. "ದಡಿ ಛಲೋ ಅದಾವ್ರೀ ಸರ, ಸೆರಗೂ ಛಲೋ ಐತಿ. ಒಡಲಿನ್ಯಾಗ ಎಳಿನ ಹರದಾವು." ಸೀರೆಯ ಒಡಲನ್ನು ಬಿಟ್ಟು ಸೆರಗನ್ನಷ್ಟೇ ಉಡಲಾಗದೆಂಬುದು ರಬಕವಿ-ಬನಹಟ್ಟಿಯ ಮಗ್ಗದವರಿಗೆ ಗೊತ್ತು. "ಮತ್ತ ನಿಮಗ ಬ್ಯಾಸರ ಬಂತೇನ್ರೀ ಕಾಕಾ?" ಎಂದು ಕೇಳಿದೆ. "ಬ್ಯಾಸರೇನ್ ಬರ್ಲಿಲ್ರೀ, ಕಣ್ಣ ತುಂಬಿತು. ಮನಿಗೆ ಬಂದ ಮ್ಯಾಲೆ ಏನೂ ಉಳೀಲಿಲ್ಲ ನೋಡ್ರಿ" ಎಂದರು.

ಮನೆಗೆ ಬಂದ ಮೇಲೆ ಉಳಿಯುವಂಥದು ಏನೆಂಬುದು ಈ ಭಾಗದ ಜನಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ. ಇದು ಶ್ರೀಕೃಷ್ಣ ಪಾರಿಜಾತದ ಸೀಮೆ. ಅಪರಾಳ ತಮ್ಮಣ್ಣನ ಕೃತಿ, ಕುಲಗೋಡ ತಮ್ಮಣ್ಣನಿಂದ ಆಟವಾಗಿ ಹಬ್ಬಿ, ಕೌಜಲಗಿ ನಿಂಗಮ್ಮನಂಥವರ ಕಂಠದಲ್ಲಿ ಬೆಳೆದದ್ದು. ಅದರ ಕಥೆ ಎಷ್ಟು? ನಾರದ ಒಂದು ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. ಒಂದು ಹೂವಿನಿಂದ ಇಡೀ ರಾತ್ರಿ! ಹದಿನೆಂಟು ಅಕ್ಷೌಹಿಣಿ ಸೇನೆ ಮೂರು ಗಂಟೆಯಲ್ಲಿ ಆಕಳಿಕೆ ತರಿಸುತ್ತದೆ, ಒಂದು ಹೂವು ಬೆಳಗಿನ ಕೋಳಿ ಕೂಗುವತನಕ ಕೂಡಿಸುತ್ತದೆ. ಅಲ್ಲಿ ಸೆಟ್ಟೆಂದರೆ ಬಯಲು. ಭಾಮೆಯ ಸಿಟ್ಟಿಗೆ ಕಾರಣವಿದೆ, ಕೃಷ್ಣನ ಸುಳ್ಳಿಗೆ ಕಾರಣವಿದೆ, ದೂತಿ ಕುಚೇಷ್ಟೆ ಮಾಡುವುದಕ್ಕೂ ಕಾರಣವಿದೆ. ಒಂದು ಕಾರಣ ಇನ್ನೊಂದನ್ನು ಎಳೆದು ತರುತ್ತದೆ, ಅಷ್ಟೆ. ಕುಳಿತು ನೋಡುವ ಅಜ್ಜಿಗೂ ಮುಂದೇನಾಗುವುದೆಂದು ಗೊತ್ತು. ಗೊತ್ತಿದ್ದರೂ ಏಳುವುದಿಲ್ಲ.

ಹಾಗೆಂದು ನಾವು ಸಿನೆಮಾವನ್ನು ಅರಿಯದ ಬಯಲಾಟದ ಮಂದಿಯೆಂದು ಬೆಂಗಳೂರಿನವರು ತಿಳಿಯಬಾರದು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ದೇಶವನ್ನೆಲ್ಲ ತಲೆದೂಗಿಸಿದವರು. ಬೋಲಪಟ ಬಾಯಿ ಬಿಟ್ಟ ಕಾಲದಿಂದಲೂ ನಮ್ಮವರು ಅದರ ಒಳಗಿದ್ದಾರೆ.

ಈ ರೋಗ 'ಕುರುಕ್ಷೇತ್ರ'ಕ್ಕೆ ನಿಂತಿದ್ದರೆ ಸುಮ್ಮನಿರಬಹುದಿತ್ತು. ಅದರ ಗೆಲುವು ಕನ್ನಡದ ಹಣವಂತರಿಗೆ ಒಂದು ಕೆಟ್ಟ ಪಾಠ ಕಲಿಸಿತೆಂದು ನನ್ನ ಗುಮಾನಿ. 2023ರ 'ಕಬ್ಜ' ನೋಡಿ, 2024ರ 'ಮಾರ್ಟಿನ್' ನೋಡಿ: ಕತ್ತಲೆ, ಹೊಗೆ, ಬಂದೂಕು, ಪರದೆ ಹರಿಯುವಂಥ ಸಂಗೀತ. ಒಂದೊಂದು ಚೌಕಟ್ಟನ್ನೂ ಕ್ಯಾಲೆಂಡರಿಗೆ ಅಚ್ಚು ಹಾಕಿಸಬಹುದು. ಯಾರು ಯಾರನ್ನು ಏಕೆ ಕೊಲ್ಲುತ್ತಾರೆಂದು ಮಾತ್ರ ಕೇಳಕೂಡದು. ಎಲ್ಲ ಭಾಷೆಗಳ ಪ್ರೇಕ್ಷಕರಿಗೂ ಒಪ್ಪುವಂತೆ ಮಾಡಿದ್ದೇವೆಂದು ಹೇಳಿಕೊಳ್ಳುತ್ತಾರೆ. ಯಾವ ಭಾಷೆಯಲ್ಲೂ ಏನನ್ನೂ ಹೇಳದಿದ್ದರೆ ಎಲ್ಲ ಭಾಷೆಗೂ ಒಪ್ಪುತ್ತದೆ, ಸರಿ. ಬರಹಗಾರನಿಗೆ ಕೊಡುವ ಸಂಬಳ ಕಿರೀಟದ ಹರಳಿನ ಖರ್ಚಿಗಿಂತ ಕಡಿಮೆಯಾದ ಮನೆಯಲ್ಲಿ ಕಥೆ ಎಲ್ಲಿಂದ ಬರಬೇಕು?

ನಮ್ಮ ಪಾಲಿನ ತಪ್ಪನ್ನೂ ಎಣಿಸಬೇಕು. 'ನಮ್ಮ' ಎಂದರೆ ಕನ್ನಡ ಕಲಿಸುವ ಮಾಸ್ತರ ಮಂದಿಯದು. ರನ್ನನ ಕಾಲ ಯಾವುದು, ಬಿರುದು ಯಾವುದು, ಛಂದಸ್ಸು ಯಾವುದು ಎಂದು ಕೇಳಿ ಕೇಳಿ, ಅವನು ಕಥೆಯನ್ನು ಎಲ್ಲಿಂದ ಆರಂಭಿಸಿದ ಎಂಬುದನ್ನು ಕೇಳುವುದನ್ನೇ ನಾವು ಬಿಟ್ಟೆವು. ಉತ್ಸವದಲ್ಲಿ ಅವನ ಭಾವಚಿತ್ರದ ಮೆರವಣಿಗೆ ತೆಗೆಯುತ್ತೇವೆ; ಕುಂಭ, ಡೊಳ್ಳು, ಶಾಲು. ಅದೂ ಒಂದು ಸೆಟ್ಟೇ. ಮುಧೋಳದ ಪೇಟೆಯಲ್ಲಿ ನಿಂತು ಗದಾಯುದ್ಧದ ಕಥೆಯನ್ನು ತಪ್ಪಿಲ್ಲದೆ ಹೇಳಬಲ್ಲವರು ಹತ್ತು ಮಂದಿ ಸಿಕ್ಕರೆ, ಅದರ ಹೆಸರು ಹೇಳಿ ಬೇರೇನನ್ನೋ ಮಾರಲು ಯಾವ ನಿರ್ಮಾಪಕನಿಗೂ ಧೈರ್ಯ ಬರುತ್ತಿರಲಿಲ್ಲ.

ಇನ್ನು ಮುಂದೆ ಯಾರಾದರೂ ರನ್ನನ ಮೇಲೆ ಕೈ ಹಾಕುವುದಾದರೆ, ಹಣವಿಲ್ಲದ ಹುಡುಗರೇ ಹಾಕಲಿ ಎಂದು ನನ್ನ ಆಸೆ. ವೈಶಂಪಾಯನ ಸರೋವರದ ಪ್ರಸಂಗವೊಂದು ಸಾಕು. ಭೀಷ್ಮನ ಮಾತಿನಂತೆ ಆ ಒಂದು ದಿನವನ್ನು ಕಳೆಯಲು ಅರಸ ನೀರಿನೊಳಗೆ ಮುಳುಗಿ ಕುಳಿತಿದ್ದಾನೆ. ನಾಳೆ ಬಲರಾಮ ಬರುತ್ತಾನೆ, ಅಶ್ವತ್ಥಾಮ ಬರುತ್ತಾನೆ. ಇವತ್ತೊಂದು ದಿನ ಕಳೆದರೆ ಆಯಿತು. ಅಷ್ಟರಲ್ಲಿ ದಂಡೆಯ ಮೇಲೆ ಭೀಮ ಬಂದು ಗರ್ಜಿಸುತ್ತಾನೆ. ಆ ಗರ್ಜನೆ ನೀರಿನೊಳಗೆ ಕೇಳಿಸುತ್ತದೆ, ತಣ್ಣೀರಿನಲ್ಲಿದ್ದವನಿಗೆ ಮೈಯೆಲ್ಲ ಬೆವರುತ್ತದೆ. ಕ್ಯಾಮರಾವನ್ನು ನೀರಿನೊಳಗೆ ಇಡಿ, ದಂಡೆಯ ಮೇಲೆ ಬೇಡ. ಭೀಮನನ್ನು ತೋರಿಸಲೇಬೇಡಿ. ಘಟಪ್ರಭೆಯಲ್ಲಿ ಬೇಸಗೆಗೂ ಒಬ್ಬ ಆಳು ಮುಳುಗುವಷ್ಟು ಮಡು ಅಲ್ಲಲ್ಲಿ ಸಿಗುತ್ತದೆ.